ಆ ‘ವೆರಿ ಗುಡ್’ ಯಾರದ್ದು?

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಬೇರೆಯಾಗಿ ತೆಗೆದಿಟ್ಟಿದ್ದೆ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಾಗಿದೆ, ಮುಖ್ಯವಾದಷ್ಟನ್ನು ಇಲ್ಲಿ ಕೊಡುತ್ತೇನೆ:

“ನನ್ನ ಮಗಳು ನಾಲ್ಕನೇ ಕ್ಲಾಸು. ಸಂಜೆ ಆರಕ್ಕೆ ಹೋಂವರ್ಕ್‌ಗೆ ಕೂತರೆ ಏಳುವಾಗ ಒಂಬತ್ತು. ಪ್ರತಿ ಪ್ರಶ್ನೆಯ ಉತ್ತರವನ್ನು ಮೂರು ಮೂರು ಸಲ ಬರೆಯಬೇಕು. ಜೊತೆಗೆ ಲೆಕ್ಕ, ಕಾಪಿ ರೈಟಿಂಗ್. ಅವಳು ತೂಕಡಿಸಲು ಶುರು ಮಾಡಿದರೆ ಉಳಿದದ್ದನ್ನು ನಾನೇ ಅವಳ ಅಕ್ಷರದ ಹಾಗೆ ಬರೆದು ಮುಗಿಸುತ್ತೇನೆ. ಕಳೆದ ವಾರ ಸೌರಮಂಡಲದ ಮಾಡೆಲ್ ಮಾಡಿಕೊಂಡು ಬನ್ನಿ ಅಂದಿದ್ದರು. ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ್ದು ನಾನು. ಅದಕ್ಕೆ ‘ವೆರಿ ಗುಡ್’ ಸಿಕ್ಕಿತು. ಮಗಳು ಬಂದವಳೇ, ‘ಅಮ್ಮಾ, ನಿಂಗೆ ವೆರಿ ಗುಡ್ ಬಂದಿದೆ’ ಅಂದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇಡೀ ದಿನ ಶಾಲೆಯಲ್ಲೇ ಇರುತ್ತಾಳೆ, ಅಲ್ಲಿ ಆಗದ್ದು ಮನೆಯಲ್ಲಿ ಆಗುತ್ತಾ? ಈ ಹೋಂವರ್ಕ್ ಇರುವುದಾದರೂ ಯಾಕೆ? ಶಾಲೆಗೆ ಹೋಗಿ ಕೇಳಿದರೆ ತಪ್ಪಾಗುತ್ತಾ?”

ನಮಸ್ಕಾರ.

ನಿಮಗೆ ಉತ್ತರ ಬರೆಯುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಪತ್ರಿಕೆಗೆ ಬರುವ ಮುಂಚೆ ನಾನು ಒಂಬತ್ತು ವರ್ಷ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದೆ. ಮೂರು ಕ್ಲಾಸು, ಒಂದೊಂದರಲ್ಲೂ 48 ಮಕ್ಕಳು. ದಿನಕ್ಕೆ 144 ನೋಟ್‌ಬುಕ್. ಒಂದಕ್ಕೆ ಒಂದೇ ನಿಮಿಷ ಅಂತ ಹಿಡಿದರೂ ಎರಡು ಗಂಟೆ 24 ನಿಮಿಷ ಬೇಕು. ಅಷ್ಟು ಬಿಡುವು ಎಲ್ಲಿತ್ತು? ಹಾಗಾಗಿ ನಾನೂ ಎಲ್ಲರ ಹಾಗೆ ಮಾಡಿದೆ. ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ‘ನೋಡಿದೆ’ ಅಂತ ಗೀಚಿ, ತಾರೀಖು ಹಾಕಿ, ರುಜು. ನೋಡಿರುತ್ತಿರಲಿಲ್ಲ. ಒಬ್ಬ ಹುಡುಗ ಇದನ್ನು ಪತ್ತೆ ಹಚ್ಚಿದ. ಹೊಸ ಹೋಂವರ್ಕ್ ಬರೆಯದೆ ಹಿಂದಿನ ವಾರದ ಪುಟವನ್ನೇ ತೆರೆದು, ಅದೇ ಪುಟ ಮೇಲೆ ಬರುವ ಹಾಗೆ ಮಡಿಸಿ ಕೊಟ್ಟ. ನಾನು ಅದರ ಮೇಲೆ ಇನ್ನೊಂದು ರುಜು ಹಾಕಿದೆ. ಒಂದೇ ಪುಟ, ಎರಡು ತಾರೀಖು, ಎರಡು ‘ನೋಡಿದೆ’. ವರ್ಷದ ಕೊನೆಗೆ ಅವನೇ ತಂದು ತೋರಿಸಿದ, ಬಹಳ ವಿನಯದಿಂದ.

ಅಂದಿನಿಂದ ನೀವು ಕೇಳಿದ ಪ್ರಶ್ನೆಯನ್ನೇ ನಾನೂ ಕೇಳಿಕೊಳ್ಳುತ್ತಿದ್ದೇನೆ. ಇದು ಇರುವುದಾದರೂ ಯಾಕೆ?

ಒಂದು ಲೆಕ್ಕ ತೋರಿಸುತ್ತೇನೆ. 503ರಲ್ಲಿ 267 ಕಳೆಯಬೇಕು. ಮಗು 364 ಅಂತ ಬರೆದುಕೊಂಡು ಬರುತ್ತದೆ. ಸರಿ ಉತ್ತರ 236. ತಪ್ಪು ಅಂತ ಒಂದು ಇಂಟು ಹಾಕಿ ಮುಂದೆ ಹೋಗಬಹುದು. ಆದರೆ ಸ್ವಲ್ಪ ನಿಂತು ನೋಡಿ. ಬಿಡಿ ಸ್ಥಾನದಲ್ಲಿ ಮೇಲೆ 3, ಕೆಳಗೆ 7. 3ರಲ್ಲಿ 7 ಹೋಗಲ್ಲ, ಹಾಗಾದರೆ 7ರಲ್ಲಿ 3 ಕಳೆಯೋಣ, 4. ಹತ್ತರ ಸ್ಥಾನದಲ್ಲಿ ಸೊನ್ನೆ ಮತ್ತು 6. ಅಲ್ಲೂ ಅದೇ, 6. ನೂರರ ಸ್ಥಾನದಲ್ಲಿ 5ರಲ್ಲಿ 2 ಹೋದರೆ 3. ನೋಡಿ, 364 ಬಂತು. ಮಗುವಿಗೆ ಕಳೆಯಲು ಬರುವುದಿಲ್ಲ ಅಂತಲ್ಲ. ‘ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಅನ್ನುವ ಒಂದು ನಿಯಮವನ್ನು ತಾನೇ ಕಟ್ಟಿಕೊಂಡಿದೆ. ಆ ನಿಯಮವನ್ನು ಎಲ್ಲೂ ತಪ್ಪದೆ ಪಾಲಿಸಿದೆ. ಪಕ್ಕದ ಸ್ಥಾನದಿಂದ ಸಾಲ ತೆಗೆದುಕೊಳ್ಳುವ ಅಗತ್ಯ ಇಲ್ಲದ ಲೆಕ್ಕ ಕೊಟ್ಟರೆ ಅದೇ ಮಗು ಹತ್ತಕ್ಕೆ ಹತ್ತು ತೆಗೆಯುತ್ತದೆ.

ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಎಷ್ಟೋ ತಪ್ಪುಗಳು ಬೇಕಾಬಿಟ್ಟಿ ಆದವಲ್ಲ, ಅವುಗಳ ಹಿಂದೆ ಇಂಥದೇ ಒಂದು ಖಾಸಗಿ ನಿಯಮ ಇರುತ್ತದೆ ಅಂತ ತೋರಿಸಿದರು. ಪ್ರೋಗ್ರಾಮಿನಲ್ಲಿರುವ ದೋಷಕ್ಕೆ ಕಂಪ್ಯೂಟರಿನವರು ಬಳಸುವ ‘ಬಗ್’ ಅನ್ನುವ ಮಾತನ್ನೇ ಇದಕ್ಕೂ ಬಳಸಿದರು.

ನನ್ನ ಪ್ರಕಾರ ಹೋಂವರ್ಕ್ ಇರುವುದು ಈ 364 ಟೀಚರ್ ಕಣ್ಣಿಗೆ ಬೀಳಲಿ ಅಂತ. ಕ್ಲಾಸಿನಲ್ಲಿ ಅದು ಕಾಣುವುದಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಇಡೀ ಕ್ಲಾಸು ಒಟ್ಟಿಗೆ ‘ಆರೂ...’ ಅಂತ ರಾಗ ಎಳೆಯುತ್ತದೆ. ಹತ್ತು ಮಕ್ಕಳು ಹೇಳಿದ್ದನ್ನು ಉಳಿದವರು ಅರ್ಧ ಸೆಕೆಂಡ್ ತಡವಾಗಿ ಹೇಳುತ್ತಾರೆ. ಎಲ್ಲರಿಗೂ ಗೊತ್ತಾಯಿತು ಅಂತ ಮೇಷ್ಟ್ರಿಗೆ ಅನ್ನಿಸುತ್ತದೆ. ಗೊತ್ತಾಯಿತು ಅಂತ ಮಕ್ಕಳಿಗೂ ಅನ್ನಿಸುತ್ತದೆ. 40 ನಿಮಿಷದ ಪಿರಿಯಡ್ಡನ್ನು 48 ಮಕ್ಕಳಿಗೆ ಹಂಚಿದರೆ ತಲೆಗೆ 50 ಸೆಕೆಂಡ್. ಅದರಲ್ಲಿ ಹಾಜರಿ, ‘ಸರ್, ಪೆನ್ಸಿಲ್ ಕಿತ್ಕೊಂಡ’, ಡಸ್ಟರ್ ಹುಡುಕುವುದು ಎಲ್ಲ ಸೇರಿದೆ. ‘ಅಲ್ಲಿ ಆಗದ್ದು ಮನೆಯಲ್ಲಿ ಆಗುತ್ತಾ’ ಅಂತ ಕೇಳಿದಿರಲ್ಲ, ಆಗುವುದು ಇದೊಂದೇ. ಪಕ್ಕದಲ್ಲಿ ಯಾರೂ ರಾಗ ಎಳೆಯದ ಕಡೆ ಮಗು ಒಬ್ಬಳೇ ಕೂತು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ ಅಂತ ಗೊತ್ತಾಗುವುದು.

ಹಾಗಾದರೆ ನೀವು ರಾತ್ರಿ ಕೂತು ಅವಳ ಅಕ್ಷರದಲ್ಲಿ ಬರೆದಾಗ ಏನಾಗುತ್ತದೆ? ಟೀಚರ್‌ಗೆ ಹತ್ತು ಸರಿ ಉತ್ತರ ಕಾಣುತ್ತದೆ. ಪಾಠ ಮುಂದಕ್ಕೆ ಹೋಗುತ್ತದೆ. 364 ಮಾತ್ರ ಅವಳ ತಲೆಯಲ್ಲಿ ಹಾಗೇ ಕೂತಿರುತ್ತದೆ. ಬೈಯುತ್ತಿಲ್ಲ, ಖಂಡಿತ. ಒಂಬತ್ತು ಗಂಟೆಗೆ ತೂಕಡಿಸುವ ಮಗುವನ್ನು ನೋಡುತ್ತ ಯಾವ ತಾಯಿಯೂ ಸುಮ್ನೆ ಕೂರುವುದಿಲ್ಲ. ಮೂರು ಗಂಟೆಯ ಕೆಲಸ ಕೊಟ್ಟವರದ್ದು ಇಲ್ಲಿ ಮೊದಲ ತಪ್ಪು.

ಮೂರು ಮೂರು ಸಲ ಬರೆಸುವ ವಿಷಯಕ್ಕೆ ಬರೋಣ. ಮಕ್ಕಳು ಅದನ್ನು ಹೇಗೆ ಬರೆಯುತ್ತಾರೆ ಅಂತ ಒಂದು ದಿನ ಹಿಂದೆ ನಿಂತು ನೋಡಿ. ಅಡ್ಡ ಸಾಲು ಬರೆಯುವುದಿಲ್ಲ. ಮೊದಲ ಪದವನ್ನು ಒಂದರ ಕೆಳಗೊಂದು ಮೂರು ಕಡೆ ಬರೆಯುತ್ತಾರೆ. ಆಮೇಲೆ ಎರಡನೇ ಪದ ಮೂರು ಕಡೆ. ಬೇಗ ಮುಗಿಯುತ್ತದೆ. ವಾಕ್ಯದ ಅರ್ಥ ತಲೆಗೆ ಹೋಗುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ವಾಕ್ಯವನ್ನೇ ಅವರು ಬರೆದಿಲ್ಲ, ಕಂಬ ಕಟ್ಟಿದ್ದಾರೆ.

ಮರೆವಿನ ಭಯದಿಂದಲೇ ಶಾಲೆಗಳು ಹೀಗೆ ಬರೆಸುತ್ತವೆ. ಆ ಭಯ ಸುಳ್ಳಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ, ಒಂದು ದಿನದಲ್ಲಿ ಹತ್ತಿರಹತ್ತಿರ ಮೂರನೇ ಎರಡು ಪಾಲು ಹೋಗಿತ್ತು. ಪಾಠಕ್ಕೆ ಅರ್ಥ ಇರುವುದರಿಂದ ಅದು ಅಷ್ಟು ಬೇಗ ಹೋಗುವುದಿಲ್ಲ. ಆದರೂ ಅದೇ ದಿನ ಸಂಜೆ ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದೇ. ಹೇಗೆ ಮುಟ್ಟಬೇಕು ಅನ್ನುವುದು ಮುಖ್ಯ. 2006ರಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕ್ ಎಂಬಿಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಒಂದು ಪಾಠವನ್ನು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಆಮೇಲೆ ಪುಸ್ತಕ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಅದು ತಿರುಗಾಮುರುಗಾ ಆಯಿತು. ಪುಸ್ತಕ ಮುಚ್ಚಿ ತಡಕಾಡಿದವರ ಹತ್ತಿರವೇ ಜಾಸ್ತಿ ಉಳಿದಿತ್ತು. ಮೂರು ಸಲ ನೋಡಿ ಬರೆಯುವ ಬದಲು ಒಂದು ಸಲ ನೋಡದೆ ಹೇಳಿದರೆ ಸಾಕು. ಕೈ ನೋವೂ ತಪ್ಪುತ್ತದೆ.

ಎಷ್ಟು ಹೊತ್ತು? ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2006ರಲ್ಲಿ ತೂಗಿ ನೋಡಿದರು. ಏಳನೇ ತರಗತಿಯಿಂದ ಮೇಲಿನ ಮಕ್ಕಳಲ್ಲಿ ಹೋಂವರ್ಕ್‌ಗೂ ಅಂಕಗಳಿಗೂ ನಂಟು ಚೆನ್ನಾಗಿಯೇ ಕಾಣಿಸಿತು. ಚಿಕ್ಕ ಮಕ್ಕಳಲ್ಲಿ ಅದು ತೀರಾ ಸಣ್ಣದು. ಕ್ಲಾಸಿಗೆ ಹತ್ತು ನಿಮಿಷ ಅನ್ನುವ ಲೆಕ್ಕವನ್ನು ಕೂಪರ್ ಒಪ್ಪುತ್ತಾರೆ. ಅಂದರೆ ನಾಲ್ಕನೇ ಕ್ಲಾಸಿಗೆ 40 ನಿಮಿಷ, ಎಲ್ಲ ವಿಷಯ ಸೇರಿ. ಚೀನಾ 2021ರಲ್ಲಿ ಮೊದಲೆರಡು ತರಗತಿಗಳಿಗೆ ಬರೆಯುವ ಹೋಂವರ್ಕನ್ನೇ ನಿಲ್ಲಿಸಿ, ಆರನೆಯವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂದಿತು. ಭಾರತದ 2020ರ ಶಾಲಾ ಬ್ಯಾಗ್ ನೀತಿ ಇನ್ನೂ ಬಿಗಿ. ಎರಡನೇ ತರಗತಿಯವರೆಗೆ ಹೋಂವರ್ಕ್ ಇಲ್ಲ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ದಿನಕ್ಕಲ್ಲ, ವಾರಕ್ಕೆ. ನಿಮ್ಮ ಮಗಳು ಅದನ್ನು ಸೋಮವಾರವೇ ಮುಗಿಸಿಬಿಡುತ್ತಾಳೆ.

ಮಕ್ಕಳು ನಿಮ್ಮ ಹತ್ತಿರ ರೋಬರ್ಟೊ ನೆವಿಲಿಸ್ ಅನ್ನುವವನ ಕತೆ ತಂದರೆ ನಂಬಬೇಡಿ. 1905ರಲ್ಲಿ ಇಟಲಿಯ ಈ ಮೇಷ್ಟ್ರು ಶಿಕ್ಷೆಗೆಂದು ಹೋಂವರ್ಕ್ ಕಂಡುಹಿಡಿದ ಅಂತ ಕತೆ ಓಡಾಡುತ್ತಿದೆ. ಹಾಗೊಬ್ಬ ಇದ್ದ ಅನ್ನುವುದಕ್ಕೆ ಆಧಾರವೇ ಇಲ್ಲ. ತಮಾಷೆ ಏನೆಂದರೆ ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಚಿಕ್ಕ ಮಕ್ಕಳಿಗೆ ಹೋಂವರ್ಕ್ ಕೊಡಬಾರದು ಅಂತ ಕಾನೂನು ಬಂದಿತ್ತು. ಹುಟ್ಟುವ ಮೊದಲೇ ನಿಷೇಧ!

ಹೋಂವರ್ಕ್ ಇಷ್ಟು ಬೆಳೆಯುವುದು ಹೇಗೆ ಅಂತ ಒಳಗಿದ್ದು ನೋಡಿದ್ದೇನೆ. ಕೆಟ್ಟ ಉದ್ದೇಶದಿಂದ ಅಲ್ಲ, ಬೆಲ್ಲಿನಿಂದ. ಪಿರಿಯಡ್ ಮುಗಿಯುವ ಬೆಲ್ ಹೊಡೆಯುತ್ತದೆ. ಪೋರ್ಷನ್ ಅರ್ಧ ಉಳಿದಿರುತ್ತದೆ. ಮೇಷ್ಟ್ರು ಸೀಮೆಸುಣ್ಣ ಇಡುತ್ತ, ಬಾಗಿಲ ಕಡೆ ಹೆಜ್ಜೆ ಹಾಕುತ್ತ, ‘ಉಳಿದದ್ದು ಮನೇಲಿ ಮಾಡ್ಕೊಂಡು ಬನ್ನಿ’ ಅನ್ನುತ್ತಾರೆ. ಹೀಗೆ ದಿನಕ್ಕೆ ಆರು ಜನ, ಆರು ಬೆಲ್. ಪಕ್ಕದ ಪಿರಿಯಡ್ಡಿನವರು ಎಷ್ಟು ಕೊಟ್ಟಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡುವವಳು ಮಗು ಒಬ್ಬಳೇ, ಸಂಜೆ ಆರಕ್ಕೆ.

ಮಾರನೇ ಬೆಳಿಗ್ಗೆಯ ದೃಶ್ಯ ಎಲ್ಲರಿಗೂ ಗೊತ್ತಿದೆ. ಪ್ರಾರ್ಥನೆಗೆ ಹತ್ತು ನಿಮಿಷ ಇರುವಾಗ ಕೊನೆ ಬೆಂಚಿನಲ್ಲಿ ಒಂದು ನೋಟ್‌ಬುಕ್ ಸುತ್ತ ಐದು ತಲೆ. ಒಬ್ಬ ಕಾವಲು. ಕಾಪಿ ಹೊಡೆಯುವಾಗ ಒಂದೆರಡು ಕಡೆ ಬೇಕೆಂದೇ ತಪ್ಪು ಮಾಡುವ ಬುದ್ಧಿವಂತರೂ ಇರುತ್ತಾರೆ. ಆಮೇಲೆ ಕ್ಲಾಸ್ ಲೀಡರ್ ಗಲ್ಲದವರೆಗೆ ನೋಟ್‌ಬುಕ್ ಜೋಡಿಸಿಕೊಂಡು ಸ್ಟಾಫ್ ರೂಮಿಗೆ ನಡೆಯುತ್ತಾನೆ. ಅಲ್ಲಿ ನನ್ನಂಥವನು ‘ನೋಡಿದೆ’ ಅಂತ ಬರೆಯುತ್ತಾನೆ. ಬರೆಯದವನೊಬ್ಬ ಹೊರಗೆ ನಿಂತಿರುತ್ತಾನೆ. ಹಾಗೆ ನಿಂತವರಲ್ಲಿ, ಮನೆಯಲ್ಲಿ ಚಿಕ್ಕ ತಂಗಿಯನ್ನು ನೋಡಿಕೊಳ್ಳುವ ಹುಡುಗ, ಹೇಳಿಕೊಡಲು ಯಾರೂ ಇಲ್ಲದ ಹುಡುಗಿ ಎಷ್ಟು ಜನರಿದ್ದರು ಅಂತ ನಾನು ಕೇಳಿಯೇ ಇರಲಿಲ್ಲ. ನಿಮ್ಮ ಸೌರಮಂಡಲದ ಪಕ್ಕದಲ್ಲಿ ಆ ಹುಡುಗಿ ತಾನೇ ಮಾಡಿದ ವಕ್ರ ಸೌರಮಂಡಲವೂ ಇದ್ದಿರಬೇಕು. ಅದಕ್ಕೆ ‘ವೆರಿ ಗುಡ್’ ಸಿಕ್ಕಿರಲಾರದು.

ಎರಡು ರುಜುವಿನ ಆ ಘಟನೆಯಾದ ಮೇಲೆ ನಾನು ಹತ್ತು ಲೆಕ್ಕ ಕೊಡುವುದನ್ನು ಬಿಟ್ಟು ಮೂರಕ್ಕೆ ಇಳಿದೆ. ಅದರಲ್ಲಿ ಮೊದಲನೆಯದನ್ನು ಕ್ಲಾಸಿನಲ್ಲೇ, ಬೆಲ್‌ಗೆ ಹತ್ತು ನಿಮಿಷ ಮುಂಚೆ ಶುರು ಮಾಡಿಸುತ್ತಿದ್ದೆ. ಸಿಕ್ಕಿಹಾಕಿಕೊಳ್ಳುವವರು ನಾನಿರುವಾಗಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಬರದಿದ್ದರೆ ಖಾಲಿ ಬಿಡಬೇಡಿ, ಎಲ್ಲಿ ನಿಂತಿತೋ ಅಲ್ಲಿ ಒಂದು ಗೀಟು ಎಳೆಯಿರಿ ಅಂದೆ. 144 ನೋಟ್‌ಬುಕ್ಕಿನಲ್ಲಿ ಗೀಟುಗಳನ್ನಷ್ಟೇ ಹುಡುಕುವುದು ಕಷ್ಟವಲ್ಲ. ಮೊದಲ ವಾರ ಯಾರೂ ಗೀಟು ಎಳೆಯಲಿಲ್ಲ, ಬೈಸಿಕೊಳ್ಳುವ ಭಯ. ಮೂರನೇ ವಾರಕ್ಕೆ ಶುರುವಾಯಿತು. ಆ ವರ್ಷ ನನ್ನ ಪೋರ್ಷನ್ ಹಿಂದೆ ಬಿತ್ತು, ಹೆಡ್‌ಮಾಸ್ಟರ್ ಹತ್ತಿರ ಬೈಸಿಕೊಂಡೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಎಲ್ಲ ಸುಸೂತ್ರವಾಗಿ ನಡೆಯಿತು ಅಂದರೆ ಸುಳ್ಳಾಗುತ್ತದೆ.

ಶಾಲೆಗೆ ಹೋಗಿ ಕೇಳಿದರೆ ತಪ್ಪೇನಿಲ್ಲ. ಆದರೆ ‘ಹೋಂವರ್ಕ್ ಜಾಸ್ತಿ ಆಯ್ತು’ ಅಂತ ಬರಿಗೈಯಲ್ಲಿ ಹೋಗಬೇಡಿ. ಟೀಚರ್‌ಗೆ ಅದು ದೂರಿನ ಹಾಗೆ ಕೇಳಿಸುತ್ತದೆ. ಒಂದು ವಾರ ಯಾವ ವಿಷಯಕ್ಕೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ಆ ಹಾಳೆ ತೋರಿಸಿ. ಆರು ಬೆಲ್‌ಗಳ ಒಟ್ಟು ಮೊತ್ತವನ್ನು ಅವರು ಮೊದಲ ಸಲ ನೋಡುತ್ತಿರಬಹುದು. ಮನೆಯಲ್ಲಿ 40 ನಿಮಿಷ ಆದ ಕೂಡಲೇ ನಿಲ್ಲಿಸಿ, ಡೈರಿಯಲ್ಲಿ ‘ಇಲ್ಲಿಯವರೆಗೆ ಅವಳೇ ಮಾಡಿದ್ದಾಳೆ, ಇಷ್ಟು ಹೊತ್ತು ಹಿಡಿಯಿತು’ ಅಂತ ಬರೆದು ಸಹಿ ಹಾಕಿ, ನಿಮ್ಮದೇ ಅಕ್ಷರದಲ್ಲಿ. ಪಕ್ಕದಲ್ಲಿ ಕೂರಬಹುದು, ‘ಇದನ್ನ ಹೇಗೆ ಮಾಡಿದೆ, ಹೇಳು’ ಅಂತ ಕೇಳಬಹುದು. ರಬ್ಬರ್ ಮಾತ್ರ ನಿಮ್ಮ ಕೈಯಲ್ಲಿ ಬೇಡ. ಒಂದೆರಡು ದಿನ ಅವಳೂ ಹೊರಗೆ ನಿಲ್ಲಬೇಕಾದೀತು ಅಂತ ಅನ್ನಿಸಿದರೆ, ಆ ಹಾಳೆ ಹಿಡಿದು ಮೊದಲು ಹೋಗಿ ಬನ್ನಿ, ಆಮೇಲೆ ಇದನ್ನು ಶುರು ಮಾಡಿ.

ಮುಂದಿನ ಮಾಡೆಲ್ ಅವಳೇ ಮಾಡಲಿ. ಗುರು ಗ್ರಹ ಭೂಮಿಗಿಂತ ಚಿಕ್ಕದಾಗಿ ಬಂದರೆ ಬರಲಿ, ಶನಿಯ ಬಳೆ ದಾರಿಯಲ್ಲೇ ಕಳಚಿ ಬಿದ್ದರೆ ಬೀಳಲಿ. ಈ ಸಲ ಬಂದ ‘ವೆರಿ ಗುಡ್’ ಮಾತ್ರ ನೀವೇ ಇಟ್ಟುಕೊಳ್ಳಿ. ರಾತ್ರಿ ಹನ್ನೊಂದರವರೆಗೆ ಕೂತಿದ್ದೀರಿ.

– ಸಂಪಾದಕ