ಕಾಡಿನ ನಕ್ಷೆ: ದುಡ್ಡಿಗಿಂತ ಮೊದಲು ನೋಟ್‌ಬುಕ್ ನೋಡಿ

ಪ್ರಶ್ನೆ: ನಾವು ಗುಂಡ್ಲುಪೇಟೆ ಕಡೆಯ ಹತ್ತು ಜನ ಸ್ವಯಂಸೇವಕರು. ಕಾಡಂಚಿನಲ್ಲಿ ಸಿಕ್ಕ ಬೇಟೆಗಾರರ ಉರುಳು, ಆನೆಯಿಂದಾದ ಬೆಳೆಹಾನಿ ಎಲ್ಲವನ್ನೂ ಮೂರು ವರ್ಷದಿಂದ ಬರೆದಿಟ್ಟಿದ್ದೇವೆ. ನಕ್ಷೆ ಮಾಡಿ ಅರಣ್ಯ ಇಲಾಖೆಗೆ ಕೊಡುವ ಆಸೆ. ಸಾಫ್ಟ್‌ವೇರ್ ತುಂಬಾ ದುಬಾರಿಯಂತೆ. ಒಬ್ಬರು ಕ್ರ್ಯಾಕ್ ಮಾಡಿದ್ದು ಕೊಡುತ್ತೇನೆ ಅಂದಿದ್ದಾರೆ. ತಗೊಳ್ಳಬಹುದಾ?

ಉತ್ತರ: ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕಳ್ಳ ಸಾಫ್ಟ್‌ವೇರ್ ಜೊತೆ ವೈರಸ್ಸೂ ಬರಬಹುದು, ಮೂರು ವರ್ಷದ ದುಡಿಮೆ ಒಂದೇ ದಿನ ಹೋಗಬಹುದು. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಇದೆಯಲ್ಲ? 2002ರಲ್ಲಿ ಶುರುವಾದದ್ದು, ಪೂರ್ತಿ ಉಚಿತ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 2008ರಿಂದ ಉಚಿತ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಗೂ ಯಾರೂ ದುಡ್ಡು ಕೇಳುವುದಿಲ್ಲ. ನಿಮಗೆ ಅಡ್ಡಿಯಾಗಿರುವುದು ದುಡ್ಡಲ್ಲ. ನಿಮ್ಮ ನೋಟ್‌ಬುಕ್ ತೆಗೆದು ನೋಡಿ.

ಒಂದು ತರಬೇತಿಯಲ್ಲಿ ಒಬ್ಬ ಅರಣ್ಯ ವಾಚರ್ (ಕಾವಲುಗಾರ) ತನ್ನ ಪುಸ್ತಕ ತೋರಿಸಿದರು. ಮಳೆಗೆ ನೆನೆದು ಉಬ್ಬಿದ ಹಾಳೆ, ಬಾಲ್‌ಪೆನ್ನಿನ ಅಕ್ಷರ. ಬಂಡೀಪುರದಲ್ಲಿ ಸಿಕ್ಕ ಒಂದು ಉರುಳಿನ ಮುಂದೆ 11.39.30, 76.37.30 ಎಂದಿತ್ತು. ಅವರು ಬರೆದದ್ದು ಆ ಜಾಗದ ಅಕ್ಷಾಂಶ, ರೇಖಾಂಶ: ಡಿಗ್ರಿ, ನಿಮಿಷ, ಸೆಕೆಂಡ್‌ಗಳಲ್ಲಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ಅದನ್ನು 11.3930, 76.3730 ಎಂದು ಟೈಪ್ ಮಾಡಿದ್ದ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಸರಿಯಾಗಿ ಲೆಕ್ಕ ಹಾಕಿದರೆ 11.6583, 76.6250 ಆಗಬೇಕು. ನಕ್ಷೆಯಲ್ಲಿ ಉರುಳು ಸುಮಾರು 40 ಕಿ.ಮೀ. ದೂರ ಹೋಗಿ ಕೇರಳದ ನಿಲಂಬೂರು ಕಡೆ ಬಿದ್ದಿತ್ತು. ಇಬ್ಬರೂ ಶ್ರದ್ಧೆಯಿಂದಲೇ ಕೆಲಸ ಮಾಡಿದ್ದರು. ಲಕ್ಷ ರೂಪಾಯಿಯ ಸಾಫ್ಟ್‌ವೇರ್ ಇದ್ದಿದ್ದರೂ ಈ ತಪ್ಪು ಹಾಗೇ ಉಳಿಯುತ್ತಿತ್ತು.

ಹಾಗಾಗಿ ಇವತ್ತೇ ಎಲ್ಲರ ಫೋನಿನಲ್ಲೂ ದಶಮಾಂಶದ ಡಿಗ್ರಿ (11.6583 ಥರ) ಇಟ್ಟುಕೊಳ್ಳಿ. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಆದರೆ ದಟ್ಟ ಮರದಡಿ ನಿಂತ ತಕ್ಷಣ ಗುಂಡಿ ಒತ್ತಬೇಡಿ. ಒಂದೆರಡು ನಿಮಿಷ ತಡೆಯಿರಿ. ಜಾಗ ಎಷ್ಟು ಆಚೀಚೆ ಆಗಬಹುದು ಎಂದು ಫೋನ್ ತೋರಿಸುವ ವ್ಯತ್ಯಾಸ 50 ಮೀಟರ್‌ನಿಂದ 10ರ ಹತ್ತಿರಕ್ಕೆ ಇಳಿಯಲಿ. ಕೈಬರಹ ಬಿಟ್ಟು ಫೋನಿನಲ್ಲೇ ಜಾಗ, ವಿವರ ದಾಖಲಿಸುವ ಓಡಿಕೆ ಕಲೆಕ್ಟ್ ಅಥವಾ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಎರಡೂ ಉಚಿತ, ನೆಟ್ ಇಲ್ಲದೆಯೂ ನಡೆಯುತ್ತವೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಅದರೊಳಗಿನ ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದೇ ಇಲ್ಲ. ಏನೂ ಸಿಗದ ದಿನವನ್ನೂ ಬರೆದಿದ್ದೀರಾ? ರಸ್ತೆ ಪಕ್ಕದಲ್ಲೇ ಉರುಳು ಜಾಸ್ತಿ ಎಂದು ನಿಮ್ಮ ನಕ್ಷೆ ಹೇಳಬಹುದು. ನಿಜವಾಗಿ ನೀವು ಓಡಾಡಿದ್ದೇ ಅಲ್ಲಿ, ಅಲ್ವಾ? ನಡೆದ ದಾರಿಯನ್ನೂ ಫೋನಿನಲ್ಲಿ ದಾಖಲಿಸಿ, ನಕ್ಷೆಯಲ್ಲಿ ಉರುಳಿನ ಚುಕ್ಕಿಗಳ ಕೆಳಗೆ ಹಾಸಿ. ಹತ್ತು ಸಲ ನಡೆದಲ್ಲಿ ಐದು ಉರುಳು ಸಿಗುವುದಕ್ಕೂ ಒಂದೇ ಸಲ ನಡೆದಲ್ಲಿ ಐದು ಸಿಗುವುದಕ್ಕೂ ತುಂಬಾ ವ್ಯತ್ಯಾಸವಿದೆ. ಗಸ್ತನ್ನು ಎಲ್ಲಿಗೆ ಕಳಿಸಬೇಕು ಎಂದು ಆರ್‌ಎಫ್‌ಒಗೆ (ವಲಯ ಅರಣ್ಯಾಧಿಕಾರಿಗೆ) ಗೊತ್ತಾಗುವುದು ಅದರಿಂದಲೇ. ಹಳೆಯ ಮೂರು ವರ್ಷದ ದಾರಿಗಳು ಸಿಗದಿದ್ದರೆ ಅದನ್ನು ನಕ್ಷೆಯ ಮೇಲೇ ಬರೆದು ಕೊಡಿ. ಮುಚ್ಚಿಡಬೇಡಿ.

ಪ್ರಶ್ನೆ: ಉಪಗ್ರಹದಿಂದಲೇ ಆನೆ ಎಣಿಸಿಕೊಡುತ್ತೇವೆ ಎಂದು ಒಬ್ಬರು ಬಂದಿದ್ದಾರೆ. ನಂಬಬಹುದಾ?

ಉತ್ತರ: ಅಂಥವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಉಚಿತ ಸೆಂಟಿನೆಲ್ ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ನೆಲದ ಮೇಲೆ 10 ಮೀಟರ್ ಅಗಲ. ಆನೆ ಅದಕ್ಕಿಂತ ಚಿಕ್ಕದು. ಮೇಲಾಗಿ ನಮ್ಮ ಆನೆಗಳು ಮರದಡಿ ಇರುತ್ತವೆ.

ಪ್ರಶ್ನೆ: ಡ್ರೋನ್ ಕೊಳ್ಳಲೇ?

ಉತ್ತರ: ಇಲಾಖೆಯ ಅನುಮತಿ ಇಲ್ಲದೆ ಕಾಡಿನ ಮೇಲೆ ಹಾರಿಸುವ ಹಾಗಿಲ್ಲ. ಆ ದುಡ್ಡಲ್ಲಿ ನಾಲ್ಕು ಒಳ್ಳೆಯ ಪವರ್ ಬ್ಯಾಂಕ್ ತಗೊಳ್ಳಿ, ಉಳಿದದ್ದನ್ನು ಹಾಗೇ ಇಟ್ಟುಕೊಳ್ಳಿ.

ಪ್ರಶ್ನೆ: ನಕ್ಷೆಯನ್ನು ಫೇಸ್‌ಬುಕ್‌ಗೆ ಹಾಕಿದರೆ ಜನರಿಗೆ ಅರಿವು ಮೂಡುತ್ತದಲ್ಲ?

ಉತ್ತರ: ದಯವಿಟ್ಟು ಹಾಕಬೇಡಿ. ಹುಲಿ ಮರಿ ಹಾಕಿದ ಜಾಗ, ದೊಡ್ಡ ದಂತದ ಆನೆ ನೀರಿಗೆ ಬರುವ ಕೆರೆ, ಇವೆಲ್ಲ ಬೇಟೆಗಾರರಿಗೆ ಬೇಕಾದ ಮಾಹಿತಿಯೇ. ಅವರ ಕೈಯಲ್ಲೂ ಫೋನ್ ಇದೆ. ತೋರಿಸಲೇಬೇಕಾದರೆ ಚುಕ್ಕಿ ತೆಗೆದು 5 ಕಿ.ಮೀ. ಚೌಕಗಳಲ್ಲಿ ಬಣ್ಣ ತುಂಬಿ ತೋರಿಸಿ. ಅಸಲಿ ಪಟ್ಟಿ ನಿಮ್ಮಲ್ಲಿ ಇಬ್ಬರ ಹತ್ತಿರ ಮತ್ತು ಇಲಾಖೆಯಲ್ಲಿ ಮಾತ್ರ ಇರಲಿ.