ಫ್ಲ್ಯಾಟಿನಲ್ಲಿಟ್ಟ ಅಣಬೆ ಕಿಟ್ ಎರಡು ಸಲ ಕೆಟ್ಟಿತು. ನಮ್ಮ ಕರಾವಳಿಯ ಮನೆಯೊಳಗೆ ಅಣಬೆ ಬೆಳೆಯಲು ಸಾಧ್ಯವೇ?

ಖಂಡಿತ ಸಾಧ್ಯ. ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಮಂಗಳೂರಿನ ಕದ್ರಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟಿಗೆ ನೀವು ಆನ್‌ಲೈನಿನಲ್ಲಿ ಎರಡು ಚಿಪ್ಪಣಬೆ (ಆಯ್ಸ್ಟರ್ ಅಣಬೆ) ಕಿಟ್ ತರಿಸಿದ್ದೀರಿ. ಏಪ್ರಿಲಿನಲ್ಲಿ ಬಂದದ್ದು ಹಸಿರು ಬೂಸ್ಟು ಹಿಡಿದು ಹಾಳಾಯಿತು. ಜುಲೈಯಲ್ಲಿ ಬಂದದ್ದು ಚೆನ್ನಾಗಿಯೇ ಮೊಗ್ಗೊಡೆದರೂ ಕೊನೆಗೆ ಬೆರಳುದ್ದದ ದಂಟಿನ ಮೇಲೆ ಅಂಗಿಯ ಗುಂಡಿಯಷ್ಟೇ ಟೋಪಿ ಬಿಟ್ಟು ಹಳದಿಯಾಗಿ ಲೋಳೆಗಟ್ಟಿತು. ಡಬ್ಬದ ಮೇಲೆ ಬರೆದಂತೆ ದಿನಕ್ಕೆ ನಾಲ್ಕು ಸಲ ನೀರು ಸಿಂಪಡಿಸಿ, ಗಾಳಿ ತಾಗದಂತೆ ಕಪಾಟಿನೊಳಗೆ ಇಟ್ಟಿದ್ದಾಗಿ ಹೇಳಿದ್ದೀರಿ. ಚಿಪ್ಪಣಬೆ ಬಿಟ್ಟು ಬಟನ್ ಅಣಬೆಯ ಕಿಟ್ ತರಿಸಲೇ ಎಂದೂ ಕೇಳಿದ್ದೀರಿ. ಬಟನ್ ಬೇಡ, ಚಿಪ್ಪಣಬೆಯನ್ನೇ ಮುಂದುವರಿಸಿ. ನಿಮ್ಮ ಎರಡು ಕಿಟ್‌ಗಳು ಕೆಟ್ಟದ್ದು ಎರಡು ಬೇರೆ ಬೇರೆ ಕಾರಣಗಳಿಂದ, ಎರಡನ್ನೂ ಸರಿಪಡಿಸಲು ಬರುತ್ತದೆ.

ನಾನು ಉಡುಪಿಯ ಸಮೀಪ ಹಿರಿಯಡಕದಲ್ಲಿ ಎಂಟು ವರ್ಷಗಳಿಂದ ಮನೆಯ ಹಿಂಬದಿಯ ಜಗಲಿಯಲ್ಲಿ ಅಣಬೆ ಬೆಳೆಯುತ್ತಿದ್ದೇನೆ. ಮಾರಾಟಕ್ಕಲ್ಲ, ಮನೆಗೆ ಮತ್ತು ನೆರೆಮನೆಗಳಿಗೆ. ಮೊದಲು ನಾನೂ ಕಿಟ್ ತರಿಸಿಯೇ ಕಲಿತದ್ದು. ಇಷ್ಟು ವರ್ಷಗಳಲ್ಲಿ ನನಗೆ ಮನವರಿಕೆಯಾದ ಸಂಗತಿಯೆಂದರೆ, ಡಬ್ಬದ ಮೇಲಿನ ಸೂಚನೆಗಳು ಒಣ ಹವೆಯ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ತೇವಕ್ಕೆ ಕೊರತೆ, ಆದ್ದರಿಂದ ಮುಚ್ಚಿಡು, ನೀರು ಹಾಕು ಎನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಅಣಬೆ ಬಯಸುವ ಶೇಕಡಾ 80ರಿಂದ 90ರಷ್ಟು ತೇವಾಂಶ ಗಾಳಿಯಲ್ಲೇ ಇರುತ್ತದೆ. ಕರಾವಳಿಯ ಮನೆಯೊಳಗೆ ಅಣಬೆಗೆ ಕಡಿಮೆ ಬೀಳುವುದು ನೀರಲ್ಲ, ಉಸಿರಾಡುವ ಗಾಳಿ.

ಕಿಟ್ ಎಂಬ ಚೀಲದೊಳಗೆ ಬೇಯಿಸಿದ ಬೈಹುಲ್ಲು ಅಥವಾ ಮರದ ಹೊಟ್ಟು ಇರುತ್ತದೆ. ಅದರ ತುಂಬ ಹತ್ತಿಯ ನೂಲಿನಂತೆ ಹಬ್ಬಿರುವ ಬಿಳಿ ಎಳೆಗಳೇ ನಿಜವಾದ ಶಿಲೀಂಧ್ರ. ನಾವು ತಿನ್ನುವ ಅಣಬೆ ಅದು ಬಿಡುವ ಹಣ್ಣು. ಆ ಎಳೆಗಳು ನಮ್ಮಂತೆಯೇ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಹುಲ್ಲಿನೊಳಗೆ ಹಬ್ಬುವ ಹಂತದಲ್ಲಿ ಆ ಅನಿಲ ಹೆಚ್ಚಿದ್ದರೂ ತೊಂದರೆಯಿಲ್ಲ, ಕತ್ತಲೆಯೂ ಇರಬಹುದು. ಅಣಬೆ ಮೂಡುವ ಹಂತ ಬಂದಾಗ ಮಾತ್ರ ಅದಕ್ಕೆ ಹೊಸ ಗಾಳಿಯೂ ಮಂದ ಬೆಳಕೂ ಬೇಕು. ಕಪಾಟಿನಂಥ ಜಾಗದಲ್ಲಿ ತಾನೇ ಬಿಟ್ಟ ಅನಿಲ ಸುತ್ತ ತುಂಬಿಕೊಂಡಾಗ ಗಾಳಿ ಸಿಗುವ ಕಡೆಗೆ ಚಾಚುವಂತೆ ದಂಟು ಉದ್ದವಾಗುತ್ತದೆ, ಟೋಪಿ ಬಿಡಿಸಿಕೊಳ್ಳುವುದೇ ಇಲ್ಲ. ನಿಮ್ಮ ಜುಲೈ ಕಿಟ್ಟಿಗೆ ಆದದ್ದು ಇದೇ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದೇ ದಿನ, ಒಂದೇ ಅಣಬೆ ಬೀಜದಿಂದ (ಧಾನ್ಯದ ಕಾಳಿನ ಮೇಲೆ ಬೆಳೆಸಿದ ಬಿಳಿ ಎಳೆ, ಅಂದರೆ ಸ್ಪಾನ್) ತುಂಬಿಸಿದ ಎರಡು ಚೀಲಗಳಲ್ಲಿ ಒಂದನ್ನು ಅಕ್ಕಿ ಇಡುವ ಉಗ್ರಾಣದಲ್ಲಿ, ಇನ್ನೊಂದನ್ನು ಜಗಲಿಯ ಮರದ ಜಾಲರಿಯ ಪಕ್ಕದಲ್ಲಿ ತೂಗುಹಾಕಿದ್ದೆ. ಆರನೆಯ ದಿನ ಉಗ್ರಾಣದ ಚೀಲದಲ್ಲಿ ಹುರುಳಿಯ ಮೊಳಕೆಯಂಥ ಬಿಳಿ ದಂಟುಗಳ ಗೊಂಚಲು, ತುದಿಯಲ್ಲಿ ಕಾಣಿಸಿಯೂ ಕಾಣಿಸದಂಥ ಟೋಪಿ. ಜಗಲಿಯದರಲ್ಲಿ ಬೂದು ಬಣ್ಣದ ಎಸಳುಗಳು ಸಮುದ್ರದ ಚಿಪ್ಪಿನಂತೆ ಒಂದರ ಮೇಲೊಂದು ಹಾಸಿಕೊಂಡಿದ್ದವು, ಅಂಚು ಇನ್ನೂ ಒಳಕ್ಕೆ ಬಾಗಿತ್ತು, ಕೆಳಗಿನ ಮಡಿಕೆಗಳು ಪುಸ್ತಕದ ಹಾಳೆಗಳ ಹಾಗೆ ಬಿಡಿಬಿಡಿಯಾಗಿದ್ದವು. ಎರಡಕ್ಕೂ ಹಾಕಿದ ನೀರು ಒಂದೇ.

ನಿಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ಹಿಂದಿನ ಯುಟಿಲಿಟಿ ಜಾಗವೋ, ನೇರ ಬಿಸಿಲು ಬೀಳದ ಬಾಲ್ಕನಿಯೋ ಇದ್ದರೆ ಚೀಲವನ್ನು ಅಲ್ಲಿಗೆ ವರ್ಗಾಯಿಸಿ. ಪತ್ರಿಕೆ ಓದಲು ಸಾಕಾಗುವಷ್ಟು ಬೆಳಕಿದ್ದರೆ ಸಾಕು. ಫ್ಯಾನಿನ ಗಾಳಿ ನೇರವಾಗಿ ಬೀಳಬಾರದು, ಮೊಗ್ಗು ಒಣಗುತ್ತದೆ. ನೀರಿನ ವಿಷಯದಲ್ಲಿ ಮಳೆಗಾಲದಲ್ಲಿ ದಿನಕ್ಕೆ ಒಂದು ಸಲ, ಅದೂ ಚೀಲದ ಸುತ್ತಲಿನ ಗೋಡೆಗೆ ಅಥವಾ ಪಕ್ಕದಲ್ಲಿ ತೂಗುಹಾಕಿದ ಗೋಣಿತಾಟಿಗೆ ಸಿಂಪಡಿಸಿದರೆ ಧಾರಾಳವಾಯಿತು. ಹೊರಗೆ ಧೋ ಎಂದು ಸುರಿಯುತ್ತಿರುವ ದಿನ ಅದನ್ನೂ ಬಿಡುತ್ತೇನೆ. ಟೋಪಿಗಳ ಮೇಲೆ ನೀರು ಹನಿಹನಿಯಾಗಿ ಗಂಟೆಗಟ್ಟಲೆ ನಿಂತರೆ ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಬೆಳೆದು ಹಳದಿ ಮಚ್ಚೆ ಮೂಡುತ್ತದೆ, ಮುಟ್ಟಿದರೆ ಲೋಳೆಯಾಗುತ್ತದೆ. ನೀವು ಹೇಳಿದ ಹಳದಿ ಬಣ್ಣಕ್ಕೆ ಇದೇ ಕಾರಣವಿರಬೇಕು. ಡಿಸೆಂಬರ್, ಜನವರಿಯ ಬೆಳಗಿನ ಒಣಗಾಳಿಯಲ್ಲಿ ಟೋಪಿಯ ಅಂಚು ಬಿರಿಯತೊಡಗಿದರೆ ಆಗ ಮಾತ್ರ ದಿನಕ್ಕೆ ಮೂರು ನಾಲ್ಕು ಸಲ ಸಿಂಪಡಿಸಬೇಕಾಗುತ್ತದೆ.

ಏಪ್ರಿಲಿನ ಕಿಟ್ಟಿನ ಕಥೆ ಬೇರೆ. ಅದು ನಿಮ್ಮ ಕೈಗೆ ಬರುವ ಮೊದಲೇ ಬಳಲಿತ್ತೆಂದು ನನ್ನ ಅಂದಾಜು. ಚೀಲದೊಳಗೆ ಎಳೆಗಳು ಹಬ್ಬುವಾಗ ಅದರದೇ ಶಾಖ ಸೇರಿ ಒಳಗಿನ ಬಿಸಿ ಹೊರಗಿನದಕ್ಕಿಂತ ಹೆಚ್ಚಿರುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಲಾರಿಯಲ್ಲಿ ಎರಡು ಮೂರು ದಿನ ಪ್ರಯಾಣ ಮಾಡಿದರೆ ಬಿಳಿ ಚಿಪ್ಪಣಬೆಯ ಎಳೆ ಸೊರಗಿ, ಅದರ ಜಾಗವನ್ನು ಟ್ರೈಕೊಡರ್ಮಾ ಎಂಬ ಹಸಿರು ಬೂಸ್ಟು ಹಿಡಿಯುತ್ತದೆ. ನಮ್ಮ ಅಡಿಕೆ, ಕಾಳುಮೆಣಸಿನ ತೋಟಗಳಲ್ಲಿ ಬೇರುಕೊಳೆ ತಡೆಯಲು ಗೊಬ್ಬರದೊಂದಿಗೆ ಕೊಡುವುದೂ ಇದೇ ಕುಲದ ಶಿಲೀಂಧ್ರವನ್ನು. ಬೇರೆ ಶಿಲೀಂಧ್ರಗಳನ್ನು ತಿನ್ನುವ ಗುಣವೇ ತೋಟದಲ್ಲಿ ಉಪಕಾರಿ, ಅಣಬೆ ಚೀಲದಲ್ಲಿ ಮಾರಕ. ಕಿಟ್ ಬಂದ ದಿನವೇ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಬಿಳಿಯಾಗಿ ಗಟ್ಟಿಯಾಗಿದ್ದು ಹಸಿ ಅಣಬೆಯ ಪರಿಮಳ ಬಂದರೆ ಒಳ್ಳೆಯದು. ಹುಳಿ ವಾಸನೆ ಬಂದರೆ, ತಳದಲ್ಲಿ ಕಂದು ನೀರು ನಿಂತಿದ್ದರೆ, ಅಂಗೈಯಗಲದ ಹಸಿರು ಕಂಡರೆ ಚೀಲದ ಬಾಯಿ ಬಿಚ್ಚದೆ ಹಾಗೆಯೇ ಮನೆಯಿಂದ ಹೊರಗೆ ಸಾಗಿಸಿ. ಒಳಗೆ ಬಿಚ್ಚಿದರೆ ಆ ಹಸಿರು ಪುಡಿ ಗಾಳಿಗೆ ಹಾರಿ ಮುಂದಿನ ಚೀಲಕ್ಕೂ ತಗಲುತ್ತದೆ. ಒಂದು ರೂಪಾಯಿ ನಾಣ್ಯದಷ್ಟೇ ಹಸಿರಿದ್ದರೆ ಅದರ ಮೇಲೆ ಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಮೆತ್ತಿ, ಬೇರೆ ಚೀಲಗಳಿಂದ ದೂರ ಇಟ್ಟು ಕಾಯುತ್ತೇನೆ. ಕೆಲವು ಉಳಿದಿವೆ, ಕೆಲವು ಉಳಿದಿಲ್ಲ.

ಹೀಗಾಗಿ ಬಣ್ಣದ ಚಿತ್ರ ನೋಡಿ ಜಾತಿ ಆರಿಸಬೇಡಿ, ತಿಂಗಳು ನೋಡಿ ಆರಿಸಿ. ಬಿಳಿ ಚಿಪ್ಪಣಬೆ, ಬೂದು ಚಿಪ್ಪಣಬೆ ನಮ್ಮಲ್ಲಿ ಜೂನ್ ಕೊನೆಯಿಂದ ಫೆಬ್ರವರಿಯವರೆಗೆ ಸಲೀಸಾಗಿ ಬರುತ್ತವೆ, ಅವಕ್ಕೆ 20ರಿಂದ 28 ಡಿಗ್ರಿ ಸಾಕು. ಗುಲಾಬಿ ಚಿಪ್ಪಣಬೆ ಇನ್ನೂ ಸ್ವಲ್ಪ ಸೆಕೆ ತಾಳುತ್ತದೆ, ಆದರೆ ಕೊಯ್ದ ಮರುದಿನವೇ ಬಾಡುತ್ತದೆ. ಮಾರ್ಚ್‌ನಿಂದ ಮೇ ತನಕದ ಸೆಕೆಗೆ ಹೇಳಿಮಾಡಿಸಿದ್ದು ಹಾಲಣಬೆ. ಇದು ನಮ್ಮ ದೇಶದ್ದೇ ಅಣಬೆ, 1974ರಲ್ಲಿ ಪಶ್ಚಿಮ ಬಂಗಾಳದಿಂದ ವಿಜ್ಞಾನಿಗಳು ಇದನ್ನು ವರ್ಣಿಸಿದರು. 30ರಿಂದ 35 ಡಿಗ್ರಿಯಲ್ಲಿ ಸೊಗಸಾಗಿ ಬೆಳೆಯುತ್ತದೆ. ಎಳೆ ಹಬ್ಬಿದ ಮೇಲೆ ಚೀಲದ ಮೇಲ್ಭಾಗದಲ್ಲಿ ಹಬೆಯಲ್ಲಿ ಬೇಯಿಸಿದ ಮಣ್ಣನ್ನು ಒಂದು ಇಂಚಿನಷ್ಟು ಹರಡುವ ಕೆಲಸ ಹೆಚ್ಚಿಗೆ ಇರುವುದರಿಂದ ಮೊದಲ ಸಲಕ್ಕೆ ಬೇಡ. ಬಟನ್ ಅಣಬೆಯಾದರೋ ತಂಪು ಸೀಮೆಯ ಬೆಳೆ. ಅಣಬೆ ಸಂಶೋಧನಾ ನಿರ್ದೇಶನಾಲಯವಿರುವ ಹಿಮಾಚಲದ ಸೋಲನ್‌ನಂಥ ಗುಡ್ಡಗಾಡಿನಲ್ಲಿ ಅದಕ್ಕೆ ಒಗ್ಗುವ ಹವೆಯಿದೆ. ಹುದುಗಿಸಿದ ಕಾಂಪೋಸ್ಟಿನ ಮೇಲೆ 14ರಿಂದ 18 ಡಿಗ್ರಿ ತಂಪನ್ನು ವಾರಗಟ್ಟಲೆ ಕೊಡಬೇಕು. ಕದ್ರಿಯಲ್ಲಿ ಅದಕ್ಕೆ ಹಗಲೂ ರಾತ್ರಿ ಎ.ಸಿ. ನಡೆಸಬೇಕಾದೀತು.

ಇನ್ನೊಂದು ಮಾತನ್ನು ಯಾವ ಡಬ್ಬದ ಮೇಲೂ ನಾನು ಕಂಡಿಲ್ಲ, ಆದ್ದರಿಂದ ಒತ್ತಿ ಹೇಳುತ್ತೇನೆ. ಚಿಪ್ಪಣಬೆ ಬಲಿತಾಗ ಟೋಪಿಯ ಕೆಳಗಿನಿಂದ ಕೋಟ್ಯಂತರ ಬೀಜಕಣಗಳು ಬೀಳುತ್ತವೆ; ಬೆಳಿಗ್ಗೆ ನೋಡಿದರೆ ಕೆಳಗಿನ ನೆಲದ ಮೇಲೆ ಅಕ್ಕಿಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ ಇರುತ್ತದೆ. ದಿನವೂ ಅದನ್ನು ಉಸಿರಾಡಿದರೆ ಕೆಲವರಿಗೆ ಒಣಕೆಮ್ಮು, ಜ್ವರ, ಶ್ವಾಸಕೋಶದ ಅಲರ್ಜಿ ಬರುತ್ತದೆ. ಎರಡನೆಯ ವರ್ಷ ಹತ್ತು ಚೀಲಗಳನ್ನು ಒಟ್ಟಿಗೆ ಬೆಳೆದಾಗ ನನ್ನ ತಾಯಿಗೆ ಎರಡು ವಾರ ಕೆಮ್ಮು ಬಿಡಲಿಲ್ಲ, ಚೀಲಗಳನ್ನು ಹೊರಗೆ ಹಾಕಿದ ಮೇಲೆ ತಗ್ಗಿತು. ಮಲಗುವ ಕೋಣೆಯಲ್ಲಿ ಎಂದೂ ಇಡಬೇಡಿ, ಉಬ್ಬಸ ಇರುವವರು ಮನೆಯಲ್ಲಿದ್ದರೆ ಒಳಗೆ ಬೆಳೆಯುವ ಯೋಚನೆಯನ್ನೇ ಬಿಡಿ, ಮತ್ತು ಟೋಪಿಯ ಅಂಚು ಮೇಲಕ್ಕೆ ಏಳುವ ಮೊದಲೇ ಕೊಯ್ಯಿರಿ. ರುಚಿಯೂ ಆಗಲೇ ಹೆಚ್ಚು. ಗೊಂಚಲನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಚಿ ಕಿತ್ತರೆ ಎರಡನೆಯ ಬೆಳೆಗೆ ಕೊಳೆಯುವ ತುಂಡು ಉಳಿಯುವುದಿಲ್ಲ.

ಒಂದು ಕಿಟ್ ಸರಿಯಾಗಿ ಬೆಳೆದರೆ ಎರಡನೆಯದನ್ನು ಕೊಳ್ಳಬೇಡಿ, ಚೀಲವನ್ನು ನೀವೇ ತುಂಬಿಸಿ. ಇದಕ್ಕೆ ಬೇಕಾದ ಮುಖ್ಯ ವಸ್ತು ಒಳ್ಳೆಯ ಬೈಹುಲ್ಲು. ಏಣೇಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಹುಲ್ಲು ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕಿ ಕಪ್ಪಾಗುವುದುಂಟು. ನಾನು ಅದರ ನಂತರದ ಸುಗ್ಗಿ ಬೆಳೆಯ, ಹೊಂಬಣ್ಣದ ಗರಿಗರಿ ಹುಲ್ಲನ್ನೇ ಕೇಳಿ ತಂದು ಅಟ್ಟದಲ್ಲಿ ಇಡುತ್ತೇನೆ. ಅದನ್ನು ಎರಡು ಇಂಚಿನ ತುಂಡು ಮಾಡಿ, ರಾತ್ರಿಯಿಡೀ ನೆನೆಸಿ, ಗೋಣಿಚೀಲಕ್ಕೆ ತುಂಬಿ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಮೇಲೊಂದು ಕಲ್ಲು ಹೇರಿ ಮುಳುಗಿಸುತ್ತೇನೆ. 80 ಡಿಗ್ರಿಯಲ್ಲಿ ಒಂದು ಗಂಟೆ ಇರಬೇಕು; ಕಣ್ಣಂದಾಜು ಸಾಲದು, ಅಡುಗೆಯ ಥರ್ಮಾಮೀಟರ್ ಇಟ್ಟುಕೊಳ್ಳಿ. ಫ್ಲ್ಯಾಟಿನಲ್ಲಿ ದೊಡ್ಡ ಪಾತ್ರೆಯೂ ಗ್ಯಾಸ್ ಒಲೆಯೂ ಆಗುತ್ತದೆ. ಕೆಲವರು ಒಲೆಯ ಬದಲು ಫಾರ್ಮಲಿನ್ ಮತ್ತು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಹುಲ್ಲು ನೆನೆಸುತ್ತಾರೆ. ಫಾರ್ಮಲಿನ್ ಎಂದರೆ ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಘೋಷಿತವಾಗಿದೆ. ಮಕ್ಕಳು ಓಡಾಡುವ ಮನೆಯೊಳಗೆ ಅದು ಬರಲೇಬಾರದು ಎಂಬುದು ನನ್ನ ನಿಲುವು.

ಬೆಂದ ಹುಲ್ಲನ್ನು ಸ್ವಚ್ಛ ಚಾಪೆಯ ಮೇಲೆ ಹರಡಿ ಆರಲು ಬಿಡುವ ಹೊತ್ತೇ ಎಲ್ಲಕ್ಕಿಂತ ನಾಜೂಕು. ಒಂದು ಹಿಡಿ ಹುಲ್ಲನ್ನು ಬಲವಾಗಿ ಹಿಂಡಿದಾಗ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ನಮ್ಮ ಮಳೆಗಾಲದಲ್ಲಿ ಇದಕ್ಕೆ ನಾಲ್ಕೈದು ಗಂಟೆಯೂ ಹಿಡಿಯುತ್ತದೆ, ಅವಸರಪಟ್ಟು ಒದ್ದೆ ಹುಲ್ಲು ತುಂಬಿದ ಚೀಲಗಳೇ ನನ್ನಲ್ಲಿ ಹೆಚ್ಚು ಕೆಟ್ಟಿವೆ. ಒಂದು ಕಿಲೋ ಒಣಹುಲ್ಲಿಗೆ 100 ಗ್ರಾಂ ಅಣಬೆ ಬೀಜ ತೆಗೆದುಕೊಂಡು, ಒಂದು ಪದರ ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು ಎಂದು ಒತ್ತಿ ತುಂಬಿ ಬಾಯಿ ಕಟ್ಟಿ, ಸುತ್ತಲೂ ಇಪ್ಪತ್ತರಷ್ಟು ತೂತು ಮಾಡಿ. ಹದಿನೆಂಟು ಇಪ್ಪತ್ತು ದಿನಗಳಲ್ಲಿ ಚೀಲ ಬೆಳ್ಳಗಾಗುತ್ತದೆ, ಆಮೇಲೆ ಗಾಳಿ ಬೆಳಕಿಗೆ ತಂದು ಪ್ಲಾಸ್ಟಿಕ್ ಸೀಳಿದರೆ ವಾರದೊಳಗೆ ಮೊದಲ ಕೊಯ್ಲು. ಮೂರು ಕೊಯ್ಲು ಸೇರಿ ನನಗೆ ಒಂದು ಕಿಲೋ ಹುಲ್ಲಿಗೆ 600 ಗ್ರಾಂ ಆಸುಪಾಸು ಸಿಗುತ್ತದೆ, ಮೊದಲನೆಯದೇ ದೊಡ್ಡದು.

ಬೀಜಕ್ಕೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಣಬೆ ವಿಭಾಗವನ್ನು ಸಂಪರ್ಕಿಸಿ ಮುಂಚಿತವಾಗಿ ಕಾಯ್ದಿರಿಸಿ. ತರಬೇತಿ ಯಾವಾಗ ಇದೆಯೆಂದು ಮಂಗಳೂರಿನ ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಚೀಲದಲ್ಲಿ ಕೆಲವೊಮ್ಮೆ ಬೇರೆಯದೇ ಆಕಾರದ, ತೆಳ್ಳನೆಯ ಬೂದು ಕೊಡೆಗಳು ಮೂಡಿ ಒಂದೇ ದಿನದಲ್ಲಿ ಕಪ್ಪು ಮಸಿಯಾಗಿ ಕರಗುತ್ತವೆ. ಹುಲ್ಲು ಸರಿಯಾಗಿ ಬೇಯದಿದ್ದರೆ ಹೀಗಾಗುತ್ತದೆ, ಅವನ್ನು ಕಿತ್ತು ಎಸೆಯಿರಿ, ತಿನ್ನಬೇಡಿ. ಮಳೆ ಹಿಡಿದಾಗ ಪೇಟೆಗೆ ಬರುವ ಕಲ್ಲಣಬೆಯನ್ನೂ ಹುತ್ತದ ಅಣಬೆಯನ್ನೂ ಗುರುತಿಸುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ, ಆದರೆ ಆ ತಿಳಿವಳಿಕೆ ಇಲ್ಲದವರು ತಾವು ಬೀಜ ಹಾಕಿದ ಜಾತಿಯನ್ನಷ್ಟೇ ತಿನ್ನುವುದು ಕ್ಷೇಮ. ಕೊಯ್ದದ್ದನ್ನು ತೊಳೆಯದೆ ಕಾಗದದ ಚೀಲದಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ. ನಮ್ಮ ಮನೆಯಲ್ಲಿ ಅಷ್ಟು ದಿನ ಉಳಿಯುವುದು ಅಪರೂಪ. ತೆಂಗಿನಕಾಯಿ ಹಾಕಿದ ಸುಕ್ಕ ಮಾಡಿದ ದಿನ ನೀರುದೋಸೆ ಎಷ್ಟು ಹೊಯ್ದರೂ ಸಾಲುವುದಿಲ್ಲ.

ಬೆಳೆ ಮುಗಿದ ಹುಲ್ಲನ್ನು ಪ್ಲಾಸ್ಟಿಕ್ ಬಿಡಿಸಿ ಮೂಲೆಯಲ್ಲಿ ಎರಡು ತಿಂಗಳು ಕೊಳೆಯಲು ಬಿಟ್ಟು ನಾನು ಮಲ್ಲಿಗೆ ಗಿಡಗಳ ಬುಡಕ್ಕೆ ಹಾಕುತ್ತೇನೆ; ನಿಮ್ಮ ಬಾಲ್ಕನಿಯ ಕುಂಡಗಳಿಗೂ ಅದು ಆಗುತ್ತದೆ. ಮುಂದಿನ ಕಿಟ್ಟನ್ನು ಅಕ್ಟೋಬರ್ ಕೊನೆಗೆ ತರಿಸಿಕೊಳ್ಳಿ. ಆಗ ಬೂಸ್ಟಿನ ಕಾಟ ತಗ್ಗಿರುತ್ತದೆ, ರಾತ್ರಿಗಳು ತಂಪಾಗುತ್ತ ಬರುತ್ತವೆ, ಮತ್ತು ಕಪಾಟಿನ ಬದಲು ಕಿಟಕಿಯ ಪಕ್ಕದಲ್ಲಿಟ್ಟ ಚೀಲದಲ್ಲಿ ಮೊಗ್ಗು ಮೂಡಿದರೆ ಅದರ ಚಿತ್ರವನ್ನು ಇಲ್ಲಿ ಹಾಕಿ. ಟೋಪಿಯ ಆಕಾರ ನೋಡಿ ಗಾಳಿ ಸಾಕಾಗಿದೆಯೋ ಇಲ್ಲವೋ ಹೇಳಬಲ್ಲೆ.