ಗರ್ಭಕೊರಳು ಗಿಡ್ಡ ಅಂದರೆ ಪೂರ್ತಿ ಮಲಗಿಯೇ ಇರಬೇಕಾ?

20 ವಾರದ ಸ್ಕ್ಯಾನಿನಲ್ಲಿ ಸರ್ವಿಕ್ಸ್, ಅಂದರೆ ಗರ್ಭಕೋಶದ ಕೆಳಗಿನ ಕೊರಳು, 22 ಮಿ.ಮೀ. ಅಂತ ಬಂತು, ಮನೆಯವರು ಹಾಸಿಗೆಯಿಂದ ಏಳಲೇ ಬೇಡ ಅನ್ನುತ್ತಿದ್ದಾರೆ, ರಾತ್ರಿಯೆಲ್ಲ ನಿದ್ದೆ ಇಲ್ಲ, ಇದನ್ನು ಕಳೆದು ಬಂದವರು ಯಾರಾದರೂ ಇದ್ದೀರಾ ಅಂತ ಕೇಳಿದ್ದೀರಿ. ನಾನಿದ್ದೇನೆ. ಡಾಕ್ಟರಲ್ಲ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ನನಗೆ 20 ವಾರ 4 ದಿನಕ್ಕೆ 21 ಮಿ.ಮೀ. ಇತ್ತು. ಅವತ್ತು ಹೊಟ್ಟೆಯಲ್ಲಿದ್ದವಳು ಈಗ ನನ್ನ ಪಕ್ಕದಲ್ಲಿ ಕೂತು ಚಕ್ಕುಲಿ ಪುಡಿ ಮಾಡುತ್ತಿದ್ದಾಳೆ. ಇದನ್ನು ಮೊದಲೇ ಹೇಳಿಬಿಟ್ಟೆ. ಯಾಕೆಂದರೆ ಆಗ ನಾನು ಯಾರು ಏನು ಬರೆದಿದ್ದರೂ ಕೊನೆಯ ಸಾಲನ್ನೇ ಮೊದಲು ಓದುತ್ತಿದ್ದೆ.

ನಿಮ್ಮ 22ನ್ನು ಹೇಗೆ ಅಳೆದರು? ನನ್ನ ಮೊದಲ ಸ್ಕ್ಯಾನ್ ಪೇಟೆಯ ಒಂದು ಸೆಂಟರಿನಲ್ಲಿ ಆದದ್ದು. ನೀರು ಕುಡಿಸಿ ಕೂರಿಸಿ, ಹೊಟ್ಟೆಯ ಮೇಲಿನಿಂದ ನೋಡಿದರು. ರಿಪೋರ್ಟಿನಲ್ಲಿ 'ಶಾರ್ಟ್ ಸರ್ವಿಕ್ಸ್' ಅನ್ನುವುದರ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ಕವರಿಗೆ ಹಾಕಿ ಕೊಟ್ಟರು. ಏನು ಎತ್ತ ಅಂತ ಒಂದು ಮಾತಿಲ್ಲ. ಅವತ್ತು ಶನಿವಾರ. ಸೋಮವಾರದ ತನಕ ನಾನು ಮೊಬೈಲಿನಲ್ಲಿ ಓದಿದ್ದೆಲ್ಲ ಓದಬಾರದ್ದೇ.

ಸೋಮವಾರ ಮಂಗಳೂರಿನಲ್ಲಿ ಡಾಕ್ಟರಮ್ಮ ಮೊದಲು ಹೇಳಿದ್ದು, "ಹೋಗಿ ಮೂತ್ರ ಮಾಡಿ ಬನ್ನಿ." ಮೂತ್ರಕೋಶ ತುಂಬಿದ್ದರೆ ಅದು ಒತ್ತಿ ಸರ್ವಿಕ್ಸ್ ಇರುವುದಕ್ಕಿಂತ ಉದ್ದ ಕಾಣುತ್ತದೆ. ನಂಬುವಂಥ ಅಳತೆ ಸಿಗುವುದು ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ. ಮಗುವಿಗೆ ತೊಂದರೆ ಇಲ್ಲ, ನೋವೂ ಇಲ್ಲ ಅನ್ನಬಹುದು, ನಾಚಿಕೆ ಮಾತ್ರ. ಪರದೆಯ ಮೇಲೆ ಬೂದು ಮಂಜಿನ ನಡುವೆ ಒಂದು ಸಪೂರ ಓಣಿ. ಅದರ ಈ ತುದಿಗೊಂದು ಕೂಡಿಸುವ ಚಿಹ್ನೆ, ಆ ತುದಿಗೊಂದು, ನಡುವೆ ಚುಕ್ಕಿಚುಕ್ಕಿ ಗೆರೆ. ಮೂರು ಸಲ ಅಳೆದರು. 23, 21, 22. ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆದುಕೊಂಡರು. ಒಂದೇ ಹೊತ್ತಿನಲ್ಲಿ, ಒಂದೇ ಕೈಯಲ್ಲಿ ಮೂರು ಅಂಕಿ ಬಂತಲ್ಲ, ಅದನ್ನು ನೋಡಿ ನನಗೆ ಎಂಥದೋ ಸಮಾಧಾನ. ಮುಂದಿನ ಸಲ ಒಂದು ಮಿ.ಮೀ. ಆಚೀಚೆ ಆದರೆ ಅಳಬೇಕಾಗಿಲ್ಲ ಅಂತ ಗೊತ್ತಾಯಿತು. ನಿಮ್ಮದು ಹೊಟ್ಟೆಯ ಮೇಲಿನಿಂದ ಅಳೆದದ್ದಾದರೆ ಒಳಗಿನ ಸ್ಕ್ಯಾನ್ ಬೇಕಾ ಅಂತ ನಾಳೆಯೇ ಕೇಳಿ.

ಈ ತಿಂಗಳುಗಳಲ್ಲಿ ಸರ್ವಿಕ್ಸ್ ಸಾಧಾರಣ 30ರಿಂದ 40 ಮಿ.ಮೀ. ಇರುತ್ತದೆ. 24 ವಾರದೊಳಗೆ 25ಕ್ಕಿಂತ ಕೆಳಗಿಳಿದರೆ ಗಿಡ್ಡ ಅನ್ನುತ್ತಾರೆ. ಅಂದರೆ ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯ ಉಳಿದವರಿಗಿಂತ ಜಾಸ್ತಿ, ಅಷ್ಟೇ. ಆಗಿಯೇ ತೀರುತ್ತದೆ ಅಂತಲ್ಲ. ನಿಮ್ಮ ಹಾಗೆ ಅಳತೆ ಇಪ್ಪತ್ತು ಮಿ.ಮೀ. ಮೇಲಿದ್ದು ಹೊಟ್ಟೆಯಲ್ಲಿ ಒಂದೇ ಮಗು ಇರುವವರಲ್ಲಿ ಹೆಚ್ಚಿನವರಿಗೆ ತೀರಾ ಬೇಗ ಹೆರಿಗೆ ಆಗುವುದಿಲ್ಲ.

ಇದನ್ನು ಮನೆಯಲ್ಲಿ ವಿವರಿಸುವುದೇ ಒಂದು ಕೆಲಸ. ನಮ್ಮ ಆಶಾ ಕಾರ್ಯಕರ್ತೆ ಚೇಚಿ (ಅಕ್ಕ) ಮಲಯಾಳದಲ್ಲಿ "ಗರ್ಭಾಶಯಗಳಂ" ಅಂದರು. ಅತ್ತೆಗೆ ಅದು 'ಗರ್ಭದಲ್ಲಿ ಏನೋ ಗಲಾಟೆ' ಅಂತ ಕೇಳಿಸಿತು. ಗಳ ಅಂದರೆ ಕೊರಳು ಅತ್ತೆ, ಚೀಲದ ಬಾಯಿ ಕಟ್ಟುವ ಜಾಗ ಇದ್ದ ಹಾಗೆ, ಅದು ನನಗೆ ಸ್ವಲ್ಪ ಗಿಡ್ಡ ಅಂದೆ. "ಸ್ಕೂಟರಿನಲ್ಲಿ ಹೋಗಬೇಡ ಅಂತ ಎಷ್ಟು ಸಲ ಹೇಳಿದೆ" ಅಂದರು. ಸ್ಕೂಟರಿನಿಂದ ಆದದ್ದಲ್ಲ. ಮೆಟ್ಟಿಲು ಹತ್ತಿದ್ದರಿಂದಲೂ ಅಲ್ಲ, ಪಪ್ಪಾಯಿಯಿಂದಲೂ ಅಲ್ಲ. ನನ್ನ ಡಾಕ್ಟರ್ ಇದನ್ನು ಅತ್ತೆಯ ಎದುರೇ ಹೇಳಿದರು, ಪುಣ್ಯ. ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಹೇಳುತ್ತಿದ್ದರೆ ಮುಂದಿನ ಸಲ ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನನಗೆ ಕೊಟ್ಟದ್ದು ಪ್ರೊಜೆಸ್ಟೆರಾನ್, 200 ಮಿ.ಗ್ರಾಂ, ರಾತ್ರಿ ಮಲಗುವಾಗ ಯೋನಿಯೊಳಗೆ ಇಡುವ ಮೆತ್ತನೆಯ ಗುಳಿಗೆ. ಗರ್ಭಕೋಶ ಸುಮ್ಮನಿರುವ ಹಾಗೆ ಮಾಡುವ ಹಾರ್ಮೋನು ಇದು. ಗಿಡ್ಡ ಸರ್ವಿಕ್ಸ್ ಇರುವವರಿಗೆ ಬೇಗ ಹೆರಿಗೆ ಆಗುವುದನ್ನು ಇದು ಕಡಿಮೆ ಮಾಡುತ್ತದೆ. ಬೆಳಿಗ್ಗೆ ಎದ್ದಾಗ ಬಿಳಿ ಬಿಳಿ ಎಣ್ಣೆಯ ಹಾಗೆ ಹೊರಗೆ ಬರುತ್ತದೆ. ಮೊದಲ ದಿನ ನೀರು ಒಡೆಯಿತು ಅಂತ ನಾನು ಬೊಬ್ಬೆ ಹಾಕಿದ್ದೆ. ಅದು ಗುಳಿಗೆಯ ಉಳಿಕೆ. ಆದರೆ ನೀರಿನ ಹಾಗೆ ತೆಳ್ಳಗೆ, ನಿಲ್ಲದೆ ಬಂದರೆ ಅದು ಬೇರೆ ವಿಷಯ, ಆಗ ಕಾಯಬೇಡಿ.

ಹೊಲಿಗೆ ಬಗ್ಗೆಯೂ ಕೇಳಿದ್ದೀರಿ, ಸರ್ವಿಕ್ಸ್ ಬೇಗ ತೆರೆಯದ ಹಾಗೆ ಅದಕ್ಕೆ ಸುತ್ತ ದಾರ ಹಾಕಿ ಬಿಗಿಯುವುದು. ನನಗೆ ಹಾಕಲಿಲ್ಲ. ಮೊದಲ ಬಸಿರು, ಹಿಂದೆ ಏನೂ ಆಗಿರಲಿಲ್ಲ, ಗುಳಿಗೆ ಸಾಕು ಅಂದರು. ಕುಂಬಳೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಮೊದಲ ಸಲ 21 ವಾರಕ್ಕೆ ನೋವೇ ಇಲ್ಲದೆ ಮಗುವನ್ನು ಕಳೆದುಕೊಂಡಿದ್ದಳು. ಅವಳಿಗೆ ಎರಡನೇ ಸಲ 14ನೇ ವಾರದಲ್ಲೇ ಹೊಲಿಗೆ ಹಾಕಿದರು. ಒಂದೇ ಅಳತೆ ಬಂದರೂ ಇಬ್ಬರಿಗೆ ಒಂದೇ ಚಿಕಿತ್ಸೆ ಇರಬೇಕು ಅಂತಿಲ್ಲ, ಹಿಂದಿನ ಕಥೆ ಮುಖ್ಯ. ಅವಳಿಗೆ 37ನೇ ವಾರದಲ್ಲಿ ಹೊಲಿಗೆ ಬಿಚ್ಚಿದರು. ಬಿಚ್ಚಿದ ಕೂಡಲೇ ಮಗು ಜಾರಿ ಬರುತ್ತದೆ ಅಂತ ನಾವೆಲ್ಲ ಆಸ್ಪತ್ರೆಯಲ್ಲೇ ಕಾದು ಕೂತೆವು. ನೋವು ಬಂದದ್ದು ಹತ್ತು ದಿನ ಬಿಟ್ಟು! ಅಂದ ಹಾಗೆ, ಈ ಹೊಲಿಗೆಯ ಒಂದು ವಿಧಕ್ಕೆ ಶಿರೋಡ್ಕರ್ ಹೊಲಿಗೆ ಅಂತಲೇ ಹೆಸರು. ಗೋವಾದಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಡಾ. ವಿ.ಎನ್. ಶಿರೋಡ್ಕರ್ 1955ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. 1957ರಲ್ಲಿ ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ ಇನ್ನೂ ಸುಲಭದ ವಿಧ ತೋರಿಸಿದರು. ಬಾಯಿಗೆ ಬಾರದ ಹೆಸರುಗಳ ನಡುವೆ ನಮ್ಮ ಪಕ್ಕದ ಮನೆಯ ಕೊಂಕಣಿಗರ ಹೆಸರಿನಂಥದ್ದು ಸಿಕ್ಕಿ, ತಂಗಿಗೆ ಅದೇ ಒಂದು ಧೈರ್ಯ.

ಈಗ ಮಲಗುವ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೊಟ್ಟೆ ಉರಿದದ್ದು ಇಲ್ಲಿ.

ನಾನು ಮೊದಲ ಹತ್ತು ದಿನ ಪೂರ್ತಿ ಮಲಗಿದೆ. ಡಾಕ್ಟರ್ ಹೇಳಿದ್ದಲ್ಲ, ಎಲ್ಲರೂ ಸೇರಿ ಮಲಗಿಸಿದ್ದು. ಇವರು ಅಂಗಳದಿಂದ ಎರಡು ಮುರಕಲ್ಲಿನ ತುಂಡು ತಂದು ಮಂಚದ ಕಾಲಡಿಗೆ ಇಟ್ಟರು, ಮಗು ಕೆಳಗೆ ಜಾರಬಾರದಂತೆ. ಮಗು ಜಾರಲಿಲ್ಲ, ನಾನು ಜಾರಿದೆ. ರಾತ್ರಿಯೆಲ್ಲ ತಲೆ ಹೋಗಿ ಗೋಡೆಗೆ ತಾಗುತ್ತಿತ್ತು, ತಿಂದದ್ದು ಹುಳಿಯಾಗಿ ಗಂಟಲಿಗೆ ಬರುತ್ತಿತ್ತು. ಊಟ ಅಲ್ಲೇ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಅಂಗಳದಲ್ಲಿ ಅಡಿಕೆ ಒಣಗಿಸುವ ಹಾಗೆ ನನ್ನನ್ನು ಮಗುಚಿ ಹಾಕುತ್ತಿದ್ದರು. ಮಲಬದ್ಧತೆ ಶುರುವಾಯಿತು, ಮುಕ್ಕಲು ಭಯ. ಹತ್ತನೇ ದಿನ ಎದ್ದಾಗ ಮೊಣಕಾಲು ನಡುಗಿತು. ಕೆಲಸ ಇಲ್ಲದ ತಲೆಗೆ ಹೊಟ್ಟೆಯ ಒಂದೊಂದು ಚುಳುಕೂ ಹೆರಿಗೆ ನೋವೇ.

ಮುಂದಿನ ಸ್ಕ್ಯಾನಿಗೆ ಹೋದಾಗ ಕಲ್ಲಿನ ಕಥೆ ಕೇಳಿ ಡಾಕ್ಟರಮ್ಮ ನಕ್ಕೇಬಿಟ್ಟರು. ಮಲಗಿಯೇ ಇದ್ದರೆ ಹೆರಿಗೆ ಮುಂದೆ ಹೋಗುತ್ತದೆ ಅಂತ ಸಾಬೀತಾಗಿಲ್ಲ, ಉಲ್ಟಾ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಅಂದರು. ಮನೆಯೊಳಗೆ ನಡೆಯಿರಿ, ಕೂತು ತರಕಾರಿ ಹೆಚ್ಚಿ, ಕೊಡ ಎತ್ತಬೇಡಿ, ಬಸ್ಸಿನಲ್ಲಿ ನಿಂತು ಹೋಗಬೇಡಿ. ಗಂಡ ಹೆಂಡತಿ ಸೇರುವುದನ್ನು ಸದ್ಯಕ್ಕೆ ಬಿಡಿ ಅಂತಲೂ ಅಂದರು. ಇದನ್ನೆಲ್ಲ ನಿಮ್ಮ ಡಾಕ್ಟರ ಹತ್ತಿರವೂ ನೇರ ಕೇಳಿ, ಸಂಕೋಚ ಬೇಡ. 'ರೆಸ್ಟ್' ಅಂದರೆ ಏನು, ಎಷ್ಟು ಗಂಟೆ, ಸ್ನಾನಕ್ಕೆ ಹೋಗಬಹುದಾ, ಎಲ್ಲ ಬಿಡಿಸಿ ಕೇಳಿ. ನಾನು ಶಾಲೆಗೆ ರಜೆ ಹಾಕಿದೆ, ಉತ್ತರ ಪತ್ರಿಕೆ ಮಾತ್ರ ಮನೆಗೆ ತರಿಸಿ ಜಗಲಿಯಲ್ಲಿ ಕೂತು ತಿದ್ದಿದೆ. ನಾಲ್ಕನೇ ಕ್ಲಾಸಿನವರ ಕಾಗುಣಿತದ ಎದುರು 21 ಮಿ.ಮೀ. ನೆನಪಿಗೇ ಬರುತ್ತಿರಲಿಲ್ಲ.

ರಾತ್ರಿಯ ಭಯ ಮಾತ್ರ ಹಾಗೆ ಹೋಗಲಿಲ್ಲ. ನನ್ನ ಭಯ ಹೆಚ್ಚಾಗಿ ರಸ್ತೆಯದ್ದು. ಕಾಸರಗೋಡಿನಿಂದ ಮಂಗಳೂರಿಗೇ ಸುಮಾರು 50 ಕಿ.ಮೀ., ನಮ್ಮ ಮನೆ ಇನ್ನೂ ಒಳಗೆ. ನಡುರಾತ್ರಿ ಏನಾದರೂ ಆದರೆ? ಒಂದು ದಿನ ಇವರನ್ನು ಕೂರಿಸಿ ಎಲ್ಲ ಬರೆಸಿದೆ: ಯಾರ ಜೀಪು, ಅವರು ಫೋನ್ ಎತ್ತದಿದ್ದರೆ ಯಾರು, ಲೇಬರ್ ರೂಮಿನ ನಂಬರ್, 108. ಹೋಗುವ ಆಸ್ಪತ್ರೆಯಲ್ಲಿ ಎಳೆ ಮಕ್ಕಳ ಐಸಿಯು ಇರಲೇಬೇಕು ಅಂತ ಡಾಕ್ಟರ್ ಹೇಳಿದ್ದರು. ಹೆತ್ತ ಮೇಲೆ ಮಗುವನ್ನು ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿರುವಾಗಲೇ ಅಲ್ಲಿಗೆ ತಲುಪುವುದು ಎಷ್ಟೋ ಮೇಲು. ಆ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ ರಾತ್ರಿ ನಾನು ಐದು ಗಂಟೆ ನಿದ್ದೆ ಮಾಡಿದೆ.

ಕಾಯದೆ ಹೊರಡಬೇಕಾದದ್ದು ಯಾವಾಗ ಅಂದರೆ, ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಬಿಟ್ಟು ಬಿಟ್ಟು ಕಲ್ಲಿನ ಹಾಗೆ ಗಟ್ಟಿಯಾದರೆ, ಕೆಳಗೆ ಒತ್ತಿದ ಹಾಗೆ ಭಾರವಾದರೆ, ಸೊಂಟನೋವು ಬಂದು ಹೋಗುತ್ತಾ ಇದ್ದರೆ. ಉರಿಮೂತ್ರ, ಜ್ವರ ಇದ್ದರೂ ತೋರಿಸಿ. ಸುಮ್ನೆ ಹೋದದ್ದಾದರೆ ಸುಮ್ನೆ ವಾಪಸ್ ಬರುವುದು, ಅದಕ್ಕೇನಂತೆ.

ನನ್ನದು ಎರಡು ವಾರದ ನಂತರ 18ಕ್ಕೆ ಇಳಿಯಿತು, ಆಮೇಲೆ ಅಲ್ಲೇ ನಿಂತಿತು. 31ನೇ ವಾರದಲ್ಲಿ ಹೊಟ್ಟೆ ಬಿಗಿಯುತ್ತಿದೆ ಅಂತ ಎರಡು ದಿನ ಅಡ್ಮಿಟ್ ಮಾಡಿ, ಮಗುವಿನ ಶ್ವಾಸಕೋಶ ಬಲಿಯಲು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. 35 ವಾರ 5 ದಿನಕ್ಕೆ ಹುಟ್ಟಿದಳು, 2.3 ಕೆ.ಜಿ. ಕಾಮಾಲೆಗೆ ನಾಲ್ಕು ದಿನ ನೀಲಿ ಬೆಳಕಿನ ಕೆಳಗೆ ಇಟ್ಟರು. ಅತ್ತೆ ಹರಕೆ ಹೇಳಿಕೊಂಡಿದ್ದರು, ಮಧೂರು ಗಣಪತಿಗೆ ಅಪ್ಪ ಮಾಡಿಸಿದೆವು. ಆ ಎರಡು ಮುರಕಲ್ಲು ಈಗ ಬಚ್ಚಲಿನ ಹತ್ತಿರ ಬಟ್ಟೆ ಬಕೆಟ್ ಇಡಲು ಇದೆ.

ನಿಮ್ಮ ಮುಂದಿನ ಸ್ಕ್ಯಾನ್ ಯಾವತ್ತು ಅಂತ ಬರೆದಿಲ್ಲ. ಅವತ್ತು ಎಷ್ಟು ಬಂತು ಅಂತ ಇಲ್ಲೇ ತಿಳಿಸಿ. ಮಗಳು ಮಲಗಿದ ಮೇಲೆ ನಾನು ನೋಡುತ್ತೇನೆ.